ಮಳೆಗಾಲದ ತೊಡೆಸಂದಿ ತುರಿಕೆ: ಟ್ಯೂಬ್ ಕೊಳ್ಳುವ ಮುಂಚೆ ಓದಿ

ಆಷಾಢ ಶುರುವಾಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆಯ ಮೆಡಿಕಲ್ ಶಾಪಿಗೆ ಒಂದು ಬಗೆಯ ಗಿರಾಕಿಗಳು ತಪ್ಪದೆ ಬರುತ್ತಾರೆ. ಒಳಗೆ ಹೆಂಗಸರಿದ್ದರೆ ಜಗುಲಿಯಲ್ಲೇ ನಿಂತು ಕೊಡೆ ಕೊಡವುತ್ತಾ ಕಾಯುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಮೆಲ್ಲಗೆ, "ಹೋದ ಸಲದ ಟ್ಯೂಬೇ ಒಂದು ಕೊಡಿ ಮಾರಾಯ್ರೆ" ಅನ್ನುತ್ತಾರೆ. ಯಾವುದಕ್ಕೆ ಅಂತ ಕೇಳಿದರೆ ಮುಖ ಆ ಕಡೆ ತಿರುಗುತ್ತದೆ. ಇಪ್ಪತ್ತು ವರ್ಷ ಕೌಂಟರಿನ ಈಚೆ ನಿಂತು ನೋಡಿದ್ದೇನೆ. ಹದಿನೈದು ದಿನದಲ್ಲಿ ಹೋಗಬೇಕಾದ ತುರಿಕೆ ಆ ಟ್ಯೂಬಿನಿಂದಲೇ ಎರಡು ವರ್ಷ ಎಳೆದಿದೆ.

ಮೊದಲ ಕೆಲಸ, ಒಳ್ಳೆ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿಕೊಳ್ಳುವುದು. ನಾಚಿಕೊಳ್ಳಬೇಡಿ, ನಿಮ್ಮದೇ ಮೈ ಅಲ್ವಾ.

ತೊಡೆಸಂದಿಯಲ್ಲಿ ಬಳೆಯ ಹಾಗೆ ದುಂಡಗೆ ಹರಡಿದೆ, ಅಂಚು ಕೆಂಪಗೆ ಉಬ್ಬಿ ಹೊಟ್ಟು ಏಳುತ್ತಿದೆ, ನಡುವೆ ಚರ್ಮ ತಿಳಿಯಾಗಿದೆ ಅಂದರೆ ಅದು ಹೆಚ್ಚಾಗಿ ಹುಳಕಡ್ಡಿ. ಹೆಸರಿಗೆ ಹುಳ, ನಿಜಕ್ಕೂ ಅದು ಫಂಗಸ್. ಶಿಶ್ನದ ತುದಿ, ಮುಂದೊಗಲಿನ ಒಳಗೆ ಕೆಂಪಾಗಿ ಉರಿ, ಮೊಸರಿನಂಥ ಬಿಳಿ ಪದರ ಇದ್ದರೆ ಅದು ಇನ್ನೊಂದು ಫಂಗಸ್, ಕ್ಯಾಂಡಿಡಾ. ಇದು ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಜನರಿಗೆ ಶುಗರ್ ಇರುವುದು ಗೊತ್ತಾಗುವುದೇ ಹೀಗೆ. ರಾತ್ರಿ ತುರಿಕೆ ಜಾಸ್ತಿ, ಬೆರಳ ಸಂದಿಯಲ್ಲೂ ಗುಳ್ಳೆ, ಮನೆಯವರೆಲ್ಲ ಕೆರೆದುಕೊಳ್ಳುತ್ತಿದ್ದಾರೆ ಎಂದರೆ ಕಜ್ಜಿ. ಅದಕ್ಕೆ ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು, ಒಬ್ಬರೇ ಹಚ್ಚಿದರೆ ಸುಮ್ನೆ ದುಡ್ಡು ದಂಡ. ಸೋಪು, ಸೆಂಟು, ಕಾಂಡೋಮಿನ ರಬ್ಬರು ಆಗಿಬರದೆಯೂ ಉರಿಯಬಹುದು. ಜ್ವರಕ್ಕೋ ನೋವಿಗೋ ಮಾತ್ರೆ ನುಂಗಿದಾಗೆಲ್ಲ ಅದೇ ಜಾಗದಲ್ಲಿ ಸುಟ್ಟಂಥ ಕಪ್ಪು ಕಲೆ ಎದ್ದರೆ, ಆ ಮಾತ್ರೆ ನಿಮ್ಮ ಮೈಗೆ ಒಗ್ಗುತ್ತಿಲ್ಲ. ಡಾಕ್ಟರಿಗೆ ಮಾತ್ರೆಯ ಹೆಸರು ಹೇಳಿ.

ಎರಡನೆಯದು ತೊಳೆಯುವುದು. ದಿನಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಸಾಕು. ಮುಂದೊಗಲನ್ನು ಸಲೀಸಾಗಿ ಬಂದಷ್ಟು ಹಿಂದೆ ಸರಿಸಿ, ಬರೀ ನೀರಿನಲ್ಲಿ ತೊಳೆದು, ಒರೆಸಿ, ಮರೆಯದೆ ಮುಂದಕ್ಕೆ ತನ್ನಿ. ಹಿಂದೆಯೇ ಸಿಕ್ಕಿಕೊಂಡು ಊದಿತೆಂದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಗಾಯ ತೊಳೆಯುವ ಆಂಟಿಸೆಪ್ಟಿಕ್ ನೀರು, ನಿಂಬೆರಸ, ಸುಣ್ಣ ಯಾವುದನ್ನೂ ಅಲ್ಲಿಗೆ ಮುಟ್ಟಿಸಬೇಡಿ. ಅಡಿಕೆ ಸುಲಿದ ಚೊಗರಿನ ಕೈ, ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ಮೈಲುತುತ್ತದ ಕೈಯನ್ನು ಮೂತ್ರಕ್ಕೆ ಹೋಗುವ ಮುಂಚೆಯೇ ತೊಳೆಯಬೇಕು. ಹೋಗಿ ಬಂದ ಮೇಲೆ ತೊಳೆದರೆ ಆಗುವ ಉರಿ ಆಗಿಯೇ ಹೋಗಿರುತ್ತದೆ.

ಮೂರನೆಯದು ಒಣಗಿಸುವುದು. ಆಗುಂಬೆಯಂಥ ಊರಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ. ತಂತಿಯ ಮೇಲಿನ ಚಡ್ಡಿ ಮೂರು ದಿನವಾದರೂ ಒಣಗುವುದಿಲ್ಲ. ಬಚ್ಚಲ ಒಲೆಯ ಕಾವಿನಲ್ಲಿ ಒಣಗಿಸಿ, ಆಮೇಲೆ ತಿರುವಿಹಾಕಿ, ಹೊಲಿಗೆ ಮತ್ತು ಇಲಾಸ್ಟಿಕ್ ಮೇಲೆ ಬಿಸಿ ಇಸ್ತ್ರಿ ಎಳೆಯಿರಿ. ಸಡಿಲವಾದ ಹತ್ತಿ ಚಡ್ಡಿಯೇ ಆಗಬೇಕು. ಹೊಳೆಯುವ ನೈಲಾನಿನದನ್ನು ನಾನಂತೂ ಮಳೆಗಾಲದಲ್ಲಿ ಯಾರಿಗೂ ಹೇಳುವುದಿಲ್ಲ. ಟವೆಲ್ ಬೇರೆ ಇರಲಿ. ಉಡದಾರ ಇದ್ದರೆ ಬಿಚ್ಚಿಡಿ. ಸ್ನಾನವಾಗಿ ಗಂಟೆ ಕಳೆದ ಮೇಲೆ ಆ ದಾರವನ್ನು ಮುಟ್ಟಿ ನೋಡಿ, ಒದ್ದೆಯಾಗೇ ಇರುತ್ತದೆ. ಫಂಗಸ್ಸಿಗೆ ಅದೇ ಮನೆ.

ಈಗ ನಾಲ್ಕನೆಯದು, ಎಲ್ಲರೂ ಎಡವುವ ಜಾಗ: ಕ್ರೀಮು.

ಟ್ಯೂಬನ್ನು ತಿರುಗಿಸಿ ಸಣ್ಣ ಅಕ್ಷರ ಓದಿ. ಕಣ್ಣು ಮಂಜಾಗಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ. ಕ್ಲೊಬೆಟಾಸೋಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಇವುಗಳಲ್ಲಿ ಒಂದು ಕಂಡರೂ ಅದರಲ್ಲಿ ಸ್ಟೀರಾಯ್ಡ್ ಇದೆ. ಅದು ಕೆಂಪು, ತುರಿಕೆಯನ್ನು ಅಡಗಿಸುತ್ತದೆ ಅಷ್ಟೆ, ಫಂಗಸ್ಸನ್ನು ಕೊಲ್ಲುವುದಿಲ್ಲ. ಕ್ಲೋಟ್ರಿಮಜೋಲ್ ಫಂಗಸ್ಸಿನ ಔಷಧಿ, ಕ್ಲೊಬೆಟಾಸೋಲ್ ಸ್ಟೀರಾಯ್ಡ್. ಎರಡೂ 'ಕ್ಲೊ' ಎಂದೇ ಶುರುವಾಗುವುದರಿಂದ ಓದಿದವರೂ ಮೋಸಹೋಗುತ್ತಾರೆ. ಇವೆರಡನ್ನೂ, ಜೊತೆಗೆ ಒಂದು ಆಂಟಿಬಯೋಟಿಕ್ಕನ್ನೂ ಸೇರಿಸಿದ ಮಿಕ್ಸ್ ಟ್ಯೂಬುಗಳೇ ಹಳ್ಳಿಗಳಲ್ಲಿ ಹೆಚ್ಚು ಓಡುವುದು. ಹಚ್ಚಿದ ಎರಡೇ ದಿನಕ್ಕೆ ತುರಿಕೆ ಮಾಯ. ಫಂಗಸ್ ಮಾತ್ರ ಒಳಗೇ ಹಬ್ಬುತ್ತಿರುತ್ತದೆ. ಬಿಟ್ಟ ವಾರಕ್ಕೆ ಇಮ್ಮಡಿಯಾಗಿ ಎದ್ದುಬರುತ್ತದೆ. ಬೀಜದ ಚೀಲದ ಚರ್ಮ ಎಷ್ಟು ತೆಳು ಎಂದರೆ ಸ್ಟೀರಾಯ್ಡನ್ನು ಮುಂಗೈಗಿಂತ ಸುಮಾರು 40 ಪಟ್ಟು ಹೀರುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯಲ್ಲಿ ಬಸುರಿಯ ಹೊಟ್ಟೆಯ ಮೇಲಿನಂಥ ಬರೆಗಳು ಮೂಡುತ್ತವೆ, ಅವು ಅಳಿಸುವುದಿಲ್ಲ. ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಆದರೂ ಕೇಳಿದವರಿಗೆಲ್ಲ ಕೊಡುವ ಅಂಗಡಿಗಳಿವೆ. ಈ ಮಾತು ನನ್ನ ವೃತ್ತಿಯವರಿಗೂ ಸೇರಿ ಹೇಳುತ್ತಿದ್ದೇನೆ.

ಹುಳಕಡ್ಡಿಗೆ ಬೇಕಾದದ್ದು ಬರೀ ಫಂಗಸ್ಸಿನ ಕ್ರೀಮು. ಜಾಗ ಪೂರ್ತಿ ಒಣಗಿರಬೇಕು. ತೆಳ್ಳಗೆ, ಹೊರಗಿನಿಂದ ಒಳಕ್ಕೆ, ಕೆಂಪು ಅಂಚಿನಿಂದ ಆಚೆ 2 ಸೆಂ.ಮೀ. ವರೆಗೂ ಹಚ್ಚಿ. ಅಂಚಿನಾಚೆ ಕಣ್ಣಿಗೆ ಕಾಣದ ಫಂಗಸ್ ಇರುತ್ತದೆ. ಕ್ಲೋಟ್ರಿಮಜೋಲ್ ಆದರೆ ದಿನಕ್ಕೆ ಎರಡು ಸಲ. ಕಲೆ ಹೋದ ಮೇಲೂ ಎರಡು ವಾರ ಬಿಡಬೇಡಿ. ಇಲ್ಲೇ ಎಲ್ಲರೂ ಕೈ ಬಿಡುವುದು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ ಬೋರ್ಡೋ ಹೊಡೆದು, ಅಡಿಕೆ ಗೊನೆ ಚೆನ್ನಾಗಿಯೇ ಕಂಡರೂ 40-45 ದಿನಕ್ಕೆ ಮತ್ತೊಮ್ಮೆ ಹೊಡೆಸುತ್ತೀರಿ. ತೋಟಕ್ಕೆ ಇರುವ ಆ ತಾಳ್ಮೆ ನಿಮ್ಮ ಮೈಗೂ ಇರಲಿ. ಪಾದದ ಬೆರಳ ಸಂದಿ ನೋಡಿಕೊಳ್ಳಿ. ಅಲ್ಲಿ ಕೆಸರು ಹುಣ್ಣಿನ ಹಾಗೆ ಬೆಳ್ಳಗೆ ಬಿರಿದಿದ್ದರೆ ಅದಕ್ಕೂ ಔಷಧಿ ಆಗಬೇಕು. ಚಡ್ಡಿಗಿಂತ ಮುಂಚೆ ಕಾಲುಚೀಲ ಹಾಕಿ, ಇಲ್ಲದಿದ್ದರೆ ಕಾಲಿನ ಫಂಗಸ್ಸನ್ನು ಚಡ್ಡಿಯೇ ಮೇಲಕ್ಕೆ ಒಯ್ಯುತ್ತದೆ.

ಎರಡು ವಾರ ಹಚ್ಚಿಯೂ ಇಳಿಯದಿದ್ದರೆ, ಮೊದಲೇ ಮಿಕ್ಸ್ ಟ್ಯೂಬ್ ಹಚ್ಚಿದ್ದರೆ, ಶುಗರ್ ಇದ್ದರೆ ಚರ್ಮದ ಡಾಕ್ಟರನ್ನು ಕಾಣಿ. ಹುಣ್ಣು, ನೀರುಗುಳ್ಳೆ, ಕೀವು, ಮೂತ್ರದಲ್ಲಿ ಉರಿ ಇದ್ದರೆ ಮನೆಮದ್ದಿಗೆ ಒಂದು ದಿನವೂ ಕಳೆಯಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಬಹುದು. ಲೈಂಗಿಕ ಸೋಂಕಿಗೆಂದೇ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ 'ಸುರಕ್ಷಾ ಕ್ಲಿನಿಕ್' ಇರುತ್ತದೆ, ಪರೀಕ್ಷೆ, ಔಷಧಿ ಉಚಿತ. ಸೋಂಕು ಎಂದಾದರೆ ಹೆಂಡತಿಗೂ ಚಿಕಿತ್ಸೆ ಆಗಬೇಕು, ಮುಚ್ಚಿಡಬೇಡಿ.

ಹೋಗುವಾಗ ಇಷ್ಟು ದಿನ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ. ಹಿಂಡಿ ಖಾಲಿಯಾದದ್ದಾದರೂ ಪರವಾಗಿಲ್ಲ, ಹೆಸರು ಕಂಡರೆ ಸಾಕು.