ಎರಡನೇ ಚಿಪ್‌ನ ಅಲೆ ಜರುಗುತ್ತಿತ್ತು

16 ಚಾನೆಲ್‌ನ ಇಇಜಿ ಬೋರ್ಡ್, ಅಂದರೆ ಮಿದುಳಿನ ವಿದ್ಯುತ್ ಸಿಗ್ನಲ್ ಅಳೆಯುವಂಥದ್ದು. ಸಿಗ್ನಲ್ಲನ್ನು ಅಂಕಿಗಳಾಗಿ ಬದಲಿಸುವ ಎರಡು ಎಡಿಎಸ್1299 ಚಿಪ್, ಒಂದೊಂದಕ್ಕೆ 8 ಚಾನೆಲ್. ಒಂದೇ 10 ಹರ್ಟ್ಸ್ ಸಿಗ್ನಲ್ಲನ್ನು ಎರಡಕ್ಕೂ ಕೊಟ್ಟರೆ ಮೊದಲು ಅಲೆಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿದ್ದವು. ಹೊತ್ತು ಕಳೆದಂತೆ ಎರಡನೆಯದು ಮೆಲ್ಲಗೆ ಜರುಗುತ್ತಿತ್ತು. ವೈರಿಂಗ್ ದೋಷ ಇಷ್ಟು ನಿಧಾನಕ್ಕೆ ಕಾಣಿಸಲ್ಲ, ಅಲ್ವಾ? ಅನುಮಾನ ಕ್ಲಾಕ್ ಮೇಲೆ, ಅಂದರೆ ಚಿಪ್ ಯಾವಾಗ ಅಳೆಯಬೇಕೆಂದು ತಾಳ ಹಾಕುವ ಸಿಗ್ನಲ್ ಮೇಲೆ ಹೋಯಿತು. ಎರಡೂ ಚಿಪ್ ತಂತಮ್ಮ ಒಳಗಿನ 2.048 ಮೆಗಾಹರ್ಟ್ಸ್ ಕ್ಲಾಕಿನಲ್ಲಿ ಓಡುತ್ತಿದ್ದವು. ಹೆಸರಿಗಷ್ಟೇ ಒಂದೇ ವೇಗ, ನಿಜದಲ್ಲಿ ಚೂರು ವ್ಯತ್ಯಾಸ.

ಮೊದಲನೆಯದರ ಕಾನ್ಫಿಗ್1 ರಿಜಿಸ್ಟರ್‌ನಲ್ಲಿ (ಚಿಪ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ) ಕ್ಲಾಕ್ ಹೊರಗೆ ಕೊಡುವ ಬಿಟ್ ಅನ್ನು 1 ಮಾಡಿ, ಆ ಕ್ಲಾಕನ್ನೇ ಎರಡನೆಯದಕ್ಕೆ ಎಳೆದೆ. ಎರಡನೆಯದರ ಕ್ಲಾಕ್‌ಸೆಲ್ ಪಿನ್ ಗ್ರೌಂಡಿಗೆ, ಆಗ ಅದು ತನ್ನ ಕ್ಲಾಕ್ ಬಿಟ್ಟು ಹೊರಗಿನದನ್ನೇ ಬಳಸುತ್ತದೆ. ಅಳತೆ ಶುರುಮಾಡಿಸುವ ಸ್ಟಾರ್ಟ್ ಪಿನ್‌ಗಳನ್ನೂ ಒಂದಕ್ಕೊಂದು ಜೋಡಿಸಿದೆ, ಇಲ್ಲದಿದ್ದರೆ ಕ್ಲಾಕ್ ಒಂದೇ ಆದರೂ ಸ್ಯಾಂಪಲ್ ಹಿಂದುಮುಂದಾಗುತ್ತದೆ. ಈಗ ಎಷ್ಟು ಹೊತ್ತು ಬಿಟ್ಟರೂ ಅಲೆ ಜರುಗುವುದಿಲ್ಲ. ಮನೆ ಕರೆಂಟಿನ 50 ಹರ್ಟ್ಸ್ ಗದ್ದಲ ಇನ್ನೂ ಸ್ವಲ್ಪ ಇದೆ, ಆದರೆ ಅದು ಆ ಗದ್ದಲ ತಗ್ಗಿಸಲು ಮೈಗೆ ಹಚ್ಚುವ ಬಯಾಸ್ ಎಲೆಕ್ಟ್ರೋಡಿನ ಕಥೆ, ಬೇರೆ.