ಊರಿನ ಠೇವಣಿ, ಇಲ್ಲಿನ ಭತ್ಯೆ: ಹೆಚ್ಚಾಗಿ ಬಂದ ಹಣವನ್ನು ನಾನು ಮರಳಿಸಿದ ಬಗೆ

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿರುವ ನಾವು, 2022ರಲ್ಲಿ ನನ್ನ ಪತಿಯ ಕೆಲಸ ಹೋದಾಗ, ಕಡಿಮೆ ಆದಾಯದವರಿಗೆ ಇಲ್ಲಿನ ಸರ್ಕಾರ ಕೊಡುವ ಮಾಸಿಕ ಭತ್ಯೆಯಾದ ಯೂನಿವರ್ಸಲ್ ಕ್ರೆಡಿಟ್‌ಗೆ ಇಬ್ಬರೂ ಸೇರಿ ಅರ್ಜಿ ಹಾಕಿದೆವು. ಉಳಿತಾಯ ಎಷ್ಟಿದೆ ಎಂಬ ಪ್ರಶ್ನೆಗೆ ಇಲ್ಲಿನ ಖಾತೆಯಲ್ಲಿದ್ದ 2,100 ಪೌಂಡನ್ನು ಮಾತ್ರ ನಮೂದಿಸಿದೆ. ಮೈಸೂರಿನ ಬ್ಯಾಂಕಿನಲ್ಲಿ ಅಪ್ಪ ನನ್ನ ಹೆಸರಿನಲ್ಲಿ ಇಟ್ಟುಹೋಗಿದ್ದ 9 ಲಕ್ಷ ರೂಪಾಯಿ ಠೇವಣಿ ನೆನಪಿನಲ್ಲಿತ್ತು. ಆದರೆ ಊರಿನ ಹಣ ಇಲ್ಲಿನ ಲೆಕ್ಕಕ್ಕೆ ಬರುವುದಿಲ್ಲವೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ವಿಚಾರಿಸದೆ ಹಾಗೆ ತೀರ್ಮಾನಿಸಿದ್ದು ನನ್ನ ತಪ್ಪು.

ಹದಿನೆಂಟು ತಿಂಗಳ ನಂತರ ಠೇವಣಿಯ ಅವಧಿ ಮುಗಿಯಿತು. ಅಪ್ಪನ ಬೀರುವಿನಲ್ಲಿ, ಜಾತಕಗಳ ಜೊತೆ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟಿದ್ದ ಠೇವಣಿ ಪತ್ರದ ಫೋಟೋವನ್ನು ನನ್ನ ತಮ್ಮ ವಾಟ್ಸಾಪ್‌ನಲ್ಲಿ ಕಳುಹಿಸಿದ. ಅದನ್ನು ನೋಡುತ್ತಿದ್ದಾಗಲೇ ನಿಯಮವನ್ನು ಒಮ್ಮೆ ಸರಿಯಾಗಿ ಓದಬೇಕೆನಿಸಿತು. ಉಳಿತಾಯವು ಜಗತ್ತಿನ ಯಾವ ದೇಶದಲ್ಲಿದ್ದರೂ ಲೆಕ್ಕಕ್ಕೆ ಸೇರುತ್ತದೆ, ದಂಪತಿಗಳಾದರೆ ಇಬ್ಬರದೂ ಒಟ್ಟಾಗಿ. 6,000 ಪೌಂಡಿನವರೆಗೆ ಕಡಿತವಿಲ್ಲ. ಅಲ್ಲಿಂದ ಮುಂದೆ ಪ್ರತಿ 250 ಪೌಂಡಿಗೆ, ಅಥವಾ ಅದರ ಭಾಗಕ್ಕೆ, ತಿಂಗಳಿಗೆ 4.35 ಪೌಂಡ್ ಕಡಿಮೆಯಾಗುತ್ತದೆ. 16,000 ದಾಟಿದರೆ ಭತ್ಯೆಯೇ ಇಲ್ಲ.

‘ಅಕ್ಕಾ, ಅದು ಅಪ್ಪ ಇಟ್ಟ ದುಡ್ಡು, ಅಲ್ಲಿಯವರಿಗೆ ಯಾಕೆ ಹೇಳಬೇಕು?’ ಎಂದು ತಮ್ಮ ಕೇಳಿದ. ಹಣ ನನ್ನ ಹೆಸರಿನಲ್ಲಿದೆ, ಅದರ ಮೇಲೆ ಹಕ್ಕೂ ನನ್ನದೇ ಎಂದು ಅವನಿಗೆ ತಿಳಿಹೇಳಿ, ಅಂದೇ ರಾತ್ರಿ ಭತ್ಯೆಯ ಇಲಾಖೆಗೆ ಸಂದೇಶ ಬರೆಯುವ ಆನ್‌ಲೈನ್ ಜರ್ನಲ್‌ನಲ್ಲಿ ವಿಷಯವನ್ನೆಲ್ಲ ಬರೆದು, ಠೇವಣಿ ಪತ್ರವನ್ನೂ ಬ್ಯಾಂಕಿನ ವಿವರಪಟ್ಟಿಯನ್ನೂ ಲಗತ್ತಿಸಿದೆ. ಮಾಹಿತಿ ಕೊಡದ ಕಾರಣಕ್ಕೆ 50 ಪೌಂಡ್ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ, ನನಗೆ ವಿಧಿಸಲಿಲ್ಲ.

ಉತ್ತರ ಬರುವ ಮೊದಲೇ ನಾನೂ ಕೂತು ಲೆಕ್ಕ ಹಾಕಿದೆ. ಆಗಿನ ದರದಲ್ಲಿ ಠೇವಣಿಯನ್ನು ದುಂಡಾಗಿ 9,000 ಪೌಂಡ್ ಎಂದುಕೊಂಡರೆ ಒಟ್ಟು 11,100. 6,000ದ ಮಿತಿಗಿಂತ 5,100 ಹೆಚ್ಚು. ಅಂದರೆ 250ರ 21 ಪಾಲು, ತಿಂಗಳಿಗೆ 91.35 ಪೌಂಡ್, ಹದಿನೆಂಟು ತಿಂಗಳಿಗೆ 1,644.30. ಇಲಾಖೆಯಿಂದ ಬಂದ ಪತ್ರದಲ್ಲಿ ಮರಳಿಸಬೇಕೆಂದು ಇದ್ದುದು 1,448.55. ಕಡಿಮೆ ಮೊತ್ತವನ್ನು ಸುಮ್ಮನೆ ಒಪ್ಪಿಕೊಂಡರೆ ಎರಡನೆಯ ಬಾರಿಯೂ ತಪ್ಪು ಮಾಡಿದಂತಾಗುತ್ತದೆಂಬ ಅಳುಕಿನಿಂದ ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್ ಸಂಸ್ಥೆಯ ಕಚೇರಿಗೆ ಹೋದೆ. ಅಲ್ಲಿನ ಸಲಹೆಗಾರ್ತಿ ತೋರಿಸಿಕೊಟ್ಟ ನಿಯಮ ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಉಳಿತಾಯದ ವಿಷಯ ತಿಳಿಸದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ಅಧಿಕ ಭತ್ಯೆ ಬಂದಿದ್ದರೆ, ಆ ಭತ್ಯೆ ಬಾರದಿದ್ದಲ್ಲಿ ಅಷ್ಟನ್ನು ಉಳಿತಾಯದಿಂದಲೇ ಖರ್ಚು ಮಾಡಬೇಕಾಗುತ್ತಿತ್ತೆಂದು ಭಾವಿಸಿ, ಪ್ರತಿ ಮೂರು ತಿಂಗಳ ಕೊನೆಗೆ ಹಾಗೆ ಬಂದ ಮೊತ್ತವನ್ನು ಉಳಿತಾಯದಿಂದ ಕಳೆಯುತ್ತಾರೆ. ಮೊದಲ ಮೂರು ತಿಂಗಳಿನ 274.05 ಕಳೆದರೆ ಪಾಲು 20ಕ್ಕೆ ಇಳಿಯುತ್ತದೆ, ಕಡಿತ 87 ಪೌಂಡ್ ಆಗುತ್ತದೆ. ಹೀಗೆ ಇಳಿಯುತ್ತಾ ಕೊನೆಯ ಮೂರು ತಿಂಗಳಲ್ಲಿ 69.60ಕ್ಕೆ ಬರುತ್ತದೆ. ಪತ್ರದ ಮೊತ್ತವೇ ಸರಿಯಾಗಿತ್ತು. ನಿಮಗೆ ಬಂದ ಪತ್ರದಲ್ಲಿ ತಿಂಗಳುವಾರು ಲೆಕ್ಕ ಇಲ್ಲದಿದ್ದರೆ ಕೇಳಿ ಪಡೆಯಿರಿ. ಮೊತ್ತ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನೆ ಕೋರಲು ಸಾಮಾನ್ಯವಾಗಿ ಒಂದು ತಿಂಗಳ ಗಡುವು ಇರುತ್ತದೆ.

ಅಷ್ಟರಲ್ಲಿ ಪತಿಗೆ ಕೆಲಸ ಸಿಕ್ಕಿ ಭತ್ಯೆ ನಿಂತಿತ್ತು. ಭತ್ಯೆ ಮುಂದುವರಿದಿದ್ದರೆ ಬಾಕಿಯನ್ನು ಅದರಲ್ಲೇ ಮುರಿದುಕೊಳ್ಳುತ್ತಿದ್ದರು. ಮನೆಯ ಆದಾಯ, ಬಾಡಿಗೆ, ಕರೆಂಟ್ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಫೋನಿನಲ್ಲಿ ಮಾತನಾಡಿ, ಮೊದಲಿಗೆ 648.55 ಕಟ್ಟಿ, ಉಳಿದದ್ದನ್ನು ತಿಂಗಳಿಗೆ 100 ಪೌಂಡಿನಂತೆ ಎಂಟು ಕಂತುಗಳಲ್ಲಿ ತೀರಿಸುವುದೆಂದು ಗೊತ್ತುಮಾಡಿಕೊಂಡೆ. ಅಪ್ಪ ಇಟ್ಟುಹೋದ ಹಣವನ್ನು ಮುಟ್ಟಲು ಮನಸ್ಸು ಒಪ್ಪಲಿಲ್ಲ. ಕಂತುಗಳನ್ನು ಸಂಬಳದಿಂದಲೇ ಕಟ್ಟಿದೆ. ಎಂಟನೆಯ ಕಂತಿನ ಬಳಿಕ ಬಾಕಿ ಇಲ್ಲವೆಂಬ ಪತ್ರವನ್ನು ಕೇಳಿ ತರಿಸಿಕೊಂಡೆ.