ಗಾಯಾಳುವನ್ನು ಬಿಟ್ಟು ಮುಂದೆ ಹೋಗೋದನ್ನು ಕಲಿಸುವುದು

108 ಆಂಬುಲೆನ್ಸಿನ ಇಎಂಟಿಗಳಿಗೆ (ತುರ್ತು ಚಿಕಿತ್ಸೆಯ ಸಿಬ್ಬಂದಿಗೆ), ಕ್ಯಾಶುಯಲ್ಟಿ ನರ್ಸುಗಳಿಗೆ ನಾನು ಟ್ರಯಾಜ್, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಅಂತ ಗಾಯಾಳುಗಳನ್ನು ವಿಂಗಡಿಸುವ ತರಬೇತಿ ಕೊಡುತ್ತೇನೆ. ಘಾಟಿಯಲ್ಲಿ ಬಸ್ ಉರುಳಿ ಒಂದೇ ಸಲ ಮೂವತ್ತು ಜನ ಬಿದ್ದಿದ್ದಾರೆ, ಇರೋದು ಎರಡೇ ಆಂಬುಲೆನ್ಸ್. ಮೊದಲು ಯಾರನ್ನು ಎತ್ತಬೇಕು?

ನಾನು ಬಳಸುವುದು ಸ್ಟಾರ್ಟ್ ಪದ್ಧತಿ. 1983ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚಿನ ಅಗ್ನಿಶಾಮಕದವರೂ ಹೋಗ್ ಆಸ್ಪತ್ರೆಯವರೂ ಸೇರಿ ಮಾಡಿದ್ದು. ಒಬ್ಬೊಬ್ಬರಿಗೂ ಒಂದು ಬಣ್ಣದ ಚೀಟಿ: ಕೆಂಪು ಅಂದರೆ ಮೊದಲು ಎತ್ತಬೇಕಾದವರು, ಹಳದಿ ಸ್ವಲ್ಪ ಕಾಯಬಲ್ಲವರು, ಹಸಿರು ಸಣ್ಣ ಗಾಯದವರು, ಕಪ್ಪು ಸತ್ತವರು ಅಥವಾ ಉಳಿಸೋಕಾಗದವರು. ನಿಯಮ ಬಾಯಿಗೆ ಬರೋಕೆ ಹೆಚ್ಚು ಹೊತ್ತು ಬೇಡ. ಎದ್ದು ನಡೆಯುವವರಿಗೆ ಹಸಿರು. ಉಸಿರಿಲ್ಲದಿದ್ದರೆ ಗಲ್ಲ ಎತ್ತಿ ದಾರಿ ಬಿಡಿಸಬೇಕು. ಉಸಿರು ಬಂದರೆ ಕೆಂಪು, ಬಾರದಿದ್ದರೆ ಕಪ್ಪು. ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು. ಮಣಿಕಟ್ಟಿನಲ್ಲಿ ನಾಡಿ ಸಿಗದಿದ್ದರೂ, ಹೇಳಿದ ಮಾತಿನಂತೆ ಮಾಡದಿದ್ದರೂ ಕೆಂಪೇ. ಉಳಿದವರು ಹಳದಿ. ಮೊದಲಿನ ಪದ್ಧತಿಯಲ್ಲಿ ಉಗುರು ಒತ್ತಿ, ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದಾ ಅಂತ ನೋಡುತ್ತಿದ್ದರು. ಕತ್ತಲಲ್ಲಿ, ಚಳಿಯಲ್ಲಿ ಅದನ್ನು ನಂಬೋಕಾಗಲ್ಲ, ಅದಕ್ಕೇ ನಾನು ನಾಡಿ ಹಿಡಿಸುತ್ತೇನೆ. ಚಿಕ್ಕ ಮಕ್ಕಳ ಲೆಕ್ಕ ಬೇರೆ: ಉಸಿರಿಲ್ಲ, ಆದರೆ ನಾಡಿ ಇದೆ ಅಂದರೆ ಐದು ಸಲ ಉಸಿರು ಕೊಟ್ಟು ನೋಡಿ ಆಮೇಲೆ ಬಣ್ಣ.

ಕಷ್ಟ ಇರೋದು ಕೈ ತಡೆಯುವುದರಲ್ಲಿ. ಒಬ್ಬರಿಗೆ ಅರ್ಧ ನಿಮಿಷ, ಅಷ್ಟೇ. ಉಸಿರಿನ ದಾರಿ ಬಿಡಿಸಬಹುದು, ಜೋರಾಗಿ ಸುರಿಯುವ ರಕ್ತ ನಿಲ್ಲಿಸಬಹುದು. ಡ್ರಿಪ್ ಇಲ್ಲ, ಬ್ಯಾಂಡೇಜ್ ಇಲ್ಲ. ವರ್ಷಗಟ್ಟಲೆ ಸಿಪಿಆರ್ ಮಾಡಿ ಪಳಗಿದವರಿಗೆ ಇದು ಹಿಂಸೆ. ಒಂದು ಅಣಕು ಪ್ರದರ್ಶನದಲ್ಲಿ ಒಳ್ಳೇ ಅನುಭವಿ ಇಎಂಟಿಯೊಬ್ಬರು ಕಪ್ಪು ಪಟ್ಟಿಯವನ ಎದೆ ಒತ್ತೋಕೆ ಕೂತರು. ಅವರ ಬೆನ್ನ ಹಿಂದೆ, ಎರಡೇ ಮೀಟರ್ ದೂರದಲ್ಲಿ, ತೊಡೆಗೆ ಕುಂಕುಮದ ನೀರು ಸುರಿದುಕೊಂಡ ಹುಡುಗಿ ಸುಮ್ನೆ ಮಲಗಿದ್ದಳು. ನಾನು ತಡೆಯಲಿಲ್ಲ. ನಾಲ್ಕು ನಿಮಿಷ ಆದ ಮೇಲೆ ಆಕೆಯ ಎದೆ ಮೇಲಿದ್ದ ಚೀಟಿ ತಿರುಗಿಸಿಟ್ಟೆ: ಕಪ್ಪು. ಅವರು ತಿರುಗಿ ನೋಡಿದರು, ಮಾತಾಡಲಿಲ್ಲ. ಮುಂದಿನ ಸುತ್ತಿನಲ್ಲಿ ಎಲ್ಲೂ ಕೂರಲಿಲ್ಲ.

ಅಣಕು ಪ್ರದರ್ಶನದಲ್ಲಿ ಹಸಿರಿನವರಾಗಿ ನಟಿಸುವವರಿಗೆ ನಾನೇ ಹೇಳಿರುತ್ತೇನೆ, ಎಲ್ಲರಿಗಿಂತ ಜಾಸ್ತಿ ಕೂಗಿ, ಸಿಬ್ಬಂದಿಯ ತೋಳು ಹಿಡಿದು ಎಳೆಯಿರಿ ಅಂತ. (ನರ್ಸಿಂಗ್ ವಿದ್ಯಾರ್ಥಿಗಳಿಗೆ ಇದನ್ನು ಕಲಿಸೋದೇ ಬೇಡ, ಕಂಪನಿ ನಾಟಕದವರ ಹಾಗೆ ಗೋಳಾಡುತ್ತಾರೆ.) ಕೆಂಪಿನವರು ಬಾಯಿ ಬಿಡಬಾರದು. ನಿಜವಾದ ಅಪಘಾತದಲ್ಲೂ ತೀರಾ ಕೆಟ್ಟ ಸ್ಥಿತಿಯವರಿಗೆ ಕೂಗೋ ಶಕ್ತಿ ಎಲ್ಲಿರುತ್ತೆ, ಅಲ್ವಾ?

ಒಂದು ಸುತ್ತು ಮುಗಿದ ಕೂಡಲೇ ಎರಡನೆಯದು ಶುರು. ಹಳದಿ ಅಂದವರು ಅಷ್ಟರಲ್ಲಿ ಕೆಂಪಾಗಿರಬಹುದು.

ಆಸ್ಪತ್ರೆಯ ಕಡೆಯ ಗೋಳು ಬೇರೆ. ನಮ್ಮ ಜನ ಆಂಬುಲೆನ್ಸಿಗೆ ಕಾಯಲ್ಲ. ಆಟೋ, ಟೆಂಪೋ, ಸಿಕ್ಕಿದ ಗಾಡಿಯಲ್ಲಿ ಹಾಕಿಕೊಂಡು ಬರುತ್ತಾರೆ. ಹಾಗಾಗಿ ಮೊದಲು ಬಾಗಿಲಿಗೆ ಬರೋದು ಕೈಕಾಲು ತರಚಿದವರು. ಕ್ಯಾಶುಯಲ್ಟಿಯ ಹಾಸಿಗೆಯೆಲ್ಲ ಅವರಿಂದಲೇ ತುಂಬಿದರೆ ಕೆಂಪಿನವರಿಗೆ ಜಾಗ ಎಲ್ಲಿ? ಅದಕ್ಕೆ ಗೇಟಿನಲ್ಲೇ ಇನ್ನೊಮ್ಮೆ ಟ್ರಯಾಜ್ ಮಾಡಿಸಿ, ಹಸಿರಿನವರನ್ನು ಒಪಿಡಿ ಕಡೆ ಕಳಿಸುತ್ತೇವೆ. ಈಗ ತರಬೇತಿಗೆ ಗ್ರೂಪ್ ಡಿ ನೌಕರರು, ಸೆಕ್ಯುರಿಟಿಯವರು ಕಡ್ಡಾಯ. ಗುಂಪನ್ನು ಆ ಕಡೆ ತಿರುಗಿಸುವುದರಲ್ಲಿ ಡಾಕ್ಟರುಗಳಿಗಿಂತ ಅವರೇ ವಾಸಿ.